ಪ್ರಭಾವನೆಯ ಡಬ್ಬಿಯೂ ನೇಕಾರನ ಮಗ್ಗವೂ

ಸಾಧರ್ಮಿ ಬಂಧುಗಳಲ್ಲಿ ಒಂದು ಅಪ್ರಿಯ ವಿಷಯವನ್ನು ನಿವೇದಿಸಿಕೊಳ್ಳಬೇಕಾಗಿದೆ. ದಶಲಕ್ಷಣ ಹಾಗೂ ಪರ್ಯೂಷಣ ಪರ್ವಗಳ ಪ್ರಭಾವನೆಗೆಂದು, ದೀಪಾವಳಿಯ ಹೊಸ ಖಾತೆಯ ಪೂಜೆಗೆಂದು, ಮದುವೆಯ ಆಯೇರಿಗೆಂದು ನಾವು ಹಂಚುತ್ತಿರುವ ವಸ್ತುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡೋಣ. ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ಹೊಳೆಯುವ ಕಾಗದ ಸುತ್ತಿದ ಒಣಹಣ್ಣಿನ ಪೆಟ್ಟಿಗೆ, ಅಚ್ಚಿನಲ್ಲಿ ಎರಕ ಹೊಯ್ದ ಮೂರ್ತಿ. ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಮನೆಗಳ ಅಟ್ಟಗಳು ಇವುಗಳಿಂದ ತುಂಬಿವೆ. ಪಡೆದವರಿಗೆ ಅವು ಬೇಕಿರಲಿಲ್ಲ. ಮಾಡಿದವರು ಯಾರೆಂದು ಕೊಟ್ಟವರಿಗೂ ತಿಳಿಯದು. ಪರಿಗ್ರಹ ಪರಿಮಾಣದ ವ್ರತವನ್ನು ಬೋಧಿಸುವ ಮಂದಿರದ ಬಾಗಿಲಲ್ಲಿಯೇ ಪರಿಗ್ರಹವನ್ನು ಹಂಚುವ ಈ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ.

ಹಾಗಾದರೆ ನಮ್ಮ ಸೀಮೆಯಲ್ಲಿ ಕೊಡತಕ್ಕ ವಸ್ತುಗಳಿಲ್ಲವೇ? ಗಜೇಂದ್ರಗಡ ನೇಕಾರರ ಊರು. ಚೌಕಳಿಯ ಒಡಲು, ದಟ್ಟ ಬಣ್ಣದ ಅಂಚು ಇರುವ, ಎರಡೂ ಮಗ್ಗುಲಲ್ಲಿ ಉಡಬಹುದಾದ 'ಪಟ್ಟೇದ ಅಂಚು' ಎಂಬ ಹತ್ತಿಯ ಸೀರೆ ಇಲ್ಲಿಯದು. ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಇದನ್ನು ಇತ್ತೀಚಿನ ವರ್ಷಗಳಲ್ಲಿ ಮರಳಿ ಮಗ್ಗಕ್ಕೆ ಏರಿಸಲಾಗಿದೆ. ನರಗುಂದದ ನೆರೆಯ ನವಲಗುಂದದಲ್ಲಿ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ನವಿಲಿನ ಚಿತ್ರವುಳ್ಳ ಜಮಖಾನ ನೇಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಲೆ ಈಗ ಕೆಲವೇ ಕೈಗಳಲ್ಲಿ ಉಳಿದಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಬಣ್ಣದ ಗೊಂಬೆಗಳನ್ನು ಮಾಡುತ್ತಾರೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದು, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಮಹಿಳೆಯರು. ನಮ್ಮ ಟ್ರಸ್ಟುಗಳ ಖರೀದಿಯ ಪಟ್ಟಿಯಲ್ಲಿ ಇವರಿಗೆ ಎಡೆ ಎಲ್ಲಿದೆ?

ನಮ್ಮ ಪೂರ್ವಜರು ಹೀಗಿರಲಿಲ್ಲ. ಗದಗ ಸಮೀಪದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಸಾವಿರ ಪ್ರತಿ ಎಂದರೆ ಏನೆಂದು ಯೋಚಿಸುವುದಿಲ್ಲ. ತಾಳೆಗರಿಯನ್ನು ಹದಗೊಳಿಸಿದವರು, ಕಂಠದಿಂದ ಅಕ್ಷರ ಕೊರೆದ ಲಿಪಿಕಾರರು, ಮಸಿ ತುಂಬಿದವರು, ಕಟ್ಟು ಕಟ್ಟಿದವರು, ಹೀಗೆ ಎಷ್ಟೋ ಸಂಸಾರಗಳು ಆ ಒಂದು ಶಾಸ್ತ್ರದಾನದಿಂದ ಉಂಡಿರಬೇಕು. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಮುದುವೊಳಲಿನ ಬಳೆಗಾರರ ಕುಲದಲ್ಲಿ ಜನಿಸಿದವನು. ಕೈಕೆಲಸದ ಮನೆತನದ ಮಗನನ್ನು ಕವಿಚಕ್ರವರ್ತಿಯಾಗಿ ಗೌರವಿಸಿದ ಸಮಾಜದ ವಾರಸುದಾರರು ನಾವು. ಅದೇ ನಾವು ಇಂದು ಸೀರೆ ನೇಯ್ದ ಕೈಯನ್ನು ಅಂಗಡಿಯ ಕಟ್ಟೆಯ ಕೆಳಗೆ ಕಾಯಿಸುತ್ತೇವೆ.

ಈ ಮಾತನ್ನು ಅನ್ಯರಿಗಾಗಿ ಬರೆಯುತ್ತಿಲ್ಲ. ವ್ಯಾಪಾರದ ಆರಂಭದ ವರ್ಷಗಳಲ್ಲಿ ಒಂದು ದೀಪಾವಳಿಗೆ ನಾನು ಗಿರಾಕಿಗಳಿಗೆಲ್ಲ ಮಿಠಾಯಿ ಪೆಟ್ಟಿಗೆ ಕಳುಹಿಸಿದೆ. ಸೀರೆ ಕೊಟ್ಟಿದ್ದ ನೇಕಾರರೊಬ್ಬರು ಬಾಕಿ ಕೇಳಲು ಬಂದಾಗ, ಲಕ್ಷ್ಮಿ ಮನೆಗೆ ಬರುವ ದಿನ ಹಣ ಹೊರಗೆ ಹೋಗಬಾರದೆಂದು ಹೇಳಿ ಕಾರ್ತಿಕ ಕಳೆದ ಮೇಲೆ ಬರಲು ತಿಳಿಸಿದೆ. ಅವರು ಏನೂ ಅನ್ನದೆ ಹೋದರು. ಅದು ಭಗವಾನ್ ಮಹಾವೀರರ ನಿರ್ವಾಣದ ದಿನ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನ ನಿರೋಧ. ಅದು ದನಕರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ಅಲ್ಲಿಯವರೆಗೆ ಓದಿಕೊಂಡಿದ್ದೆ. ದುಡಿದವನ ಕೂಲಿಯನ್ನು ತಡೆದು ಅವನ ಮನೆಯ ಒಲೆ ಆರಿಸುವುದು ಅನ್ನಪಾನ ನಿರೋಧವಲ್ಲದೆ ಮತ್ತೇನು?

ಇದಕ್ಕಿಂತ ವ್ಯಾಪಕವಾದ ದೋಷ ಇನ್ನೊಂದಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಹೀನಾಧಿಕ ಮಾನೋನ್ಮಾನದ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಅಸಲಿನ ಹೆಸರಿನಲ್ಲಿ ಅದರ ನಕಲನ್ನು ಮಾರುವುದೇ ಪ್ರತಿರೂಪಕ ವ್ಯವಹಾರ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಇಳಕಲ್ ನೇಯ್ಗೆಯ ವಿನ್ಯಾಸವನ್ನು ವಿದ್ಯುತ್ ಮಗ್ಗದಲ್ಲಿ ಅನುಕರಿಸಿ, ಕೈಮಗ್ಗದ್ದೆಂದು ಮಾರುವವರು ಪೇಟೆಯಲ್ಲಿದ್ದಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಲ್ಲಿ ಬಂದಿತು. ಕೈಮಗ್ಗದ ಗುರುತಿನ ಚೀಟಿ 2006ರಲ್ಲಿ ಬಂದಿತು. ಸರಕಾರ ಕಾಯ್ದೆ ಮಾಡುವುದಕ್ಕೆ ಶತಮಾನಗಳ ಮೊದಲೇ ನಮ್ಮ ಆಚಾರ್ಯರು ಇದನ್ನು ಕಳ್ಳತನದ ಸಾಲಿನಲ್ಲಿ ಇಟ್ಟಿದ್ದರು.

ಆಕ್ಷೇಪಗಳನ್ನು ನಾನು ಬಲ್ಲೆ. ವಿದ್ಯುತ್ ಮಗ್ಗದ ಕೆಲಸಗಾರನೂ ಬಡವನಲ್ಲವೇ ಎಂಬುದು ಮೊದಲನೆಯದು. ನಿಜ, ಅವನ ಬಟ್ಟೆಯನ್ನು ಅವನ ಹೆಸರಿನಲ್ಲಿಯೇ ಮಾರಿರಿ. ಅದರಲ್ಲಿ ದೋಷವಿಲ್ಲ, ದೋಷವಿರುವುದು ಸುಳ್ಳಿನಲ್ಲಿ. ಕೈಯಿಂದ ಮಾಡಿದ್ದೆಲ್ಲವೂ ಶುದ್ಧವೇ ಎಂಬುದು ಎರಡನೆಯದು. ಖಂಡಿತ ಅಲ್ಲ. ಗೂಡಿನೊಳಗಿನ ಸಾವಿರಾರು ಜೀವಗಳನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ರೇಷ್ಮೆಯು ಕೈಮಗ್ಗದಲ್ಲಿ ನೇಯ್ದ ಮಾತ್ರಕ್ಕೆ ಅಹಿಂಸಕವಾಗದು. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ಬದಲಾಗುತ್ತದೆ ಎನ್ನುವಾಗ ದ್ರವ್ಯವನ್ನೂ ಪರೀಕ್ಷಿಸಬೇಕು. ಆದ್ದರಿಂದಲೇ ನಾನು ಹತ್ತಿಯ ಸೀರೆಯನ್ನು, ಹತ್ತಿಯ ಜಮಖಾನವನ್ನು ಹೇಳುತ್ತಿದ್ದೇನೆ.

ಬೆಲೆ ಹೆಚ್ಚೆಂಬುದು ಮೂರನೆಯ ಆಕ್ಷೇಪ. ಲೆಕ್ಕದವನಾದ್ದರಿಂದ ಲೆಕ್ಕದಲ್ಲಿಯೇ ಉತ್ತರಿಸುತ್ತೇನೆ. ಒಂದು ಟ್ರಸ್ಟು ವರ್ಷದಲ್ಲಿ ಐದು ಸಲ, ಇನ್ನೂರು ಮನೆಗಳಿಗೆ, ನೂರು ರೂಪಾಯಿಯ ಡಬ್ಬಿ ಹಂಚುತ್ತದೆ ಎನ್ನೋಣ. ವೆಚ್ಚ ಒಂದು ಲಕ್ಷ. ಅದೇ ಹಣದಲ್ಲಿ ವರ್ಷಕ್ಕೆ ಒಂದೇ ಸಲ, ಮನೆಗೆ ಐದುನೂರು ರೂಪಾಯಿಯ ಕೈಮಗ್ಗದ ಹತ್ತಿ ಬಟ್ಟೆಯನ್ನು ಕೊಡಬಹುದು. ಟ್ರಸ್ಟಿನ ವೆಚ್ಚ ಒಂದು ಪೈಯೂ ಏರಲಿಲ್ಲ. ಮನೆಯಲ್ಲಿ ಐದು ವಸ್ತುಗಳ ಬದಲು ಒಂದು ಬಂದಿತು, ಅದೂ ಬಳಕೆಗೆ ಬರುವಂಥದು. ಉಳಿದ ನಾಲ್ಕು ಸಲ ಬರಿಗೈಯಲ್ಲಿ ಹೋದರೆ ಜನ ಮಂದಿರಕ್ಕೆ ಬರುವುದಿಲ್ಲ ಎನ್ನುವಿರಾದರೆ, ಅದು ಡಬ್ಬಿಯ ಪ್ರಭಾವನೆಯಾಯಿತೇ ಹೊರತು ಧರ್ಮದ ಪ್ರಭಾವನೆಯಾಗಲಿಲ್ಲ.

ಆದುದರಿಂದ ಮೂರೂ ಊರುಗಳ ಧರ್ಮದರ್ಶಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಬರುವ ಪರ್ವಕ್ಕೆ ಬೇಕಾದ ಬಟ್ಟೆಯನ್ನು ಆರು ತಿಂಗಳು ಮೊದಲೇ ನೇಕಾರರಿಗೆ ಹೇಳಿರಿ. ಮಗ್ಗಕ್ಕೆ ಸಮಯ ಬೇಕು. ಅರ್ಧ ಹಣವನ್ನು ಮುಂಗಡವಾಗಿ ಕೊಡಿರಿ. ನೂಲು ಸಾಲದಲ್ಲಿ ಬರಬಾರದು. ಧರ್ಮಕಾರ್ಯವೆಂಬ ನೆಪದಲ್ಲಿ ದರ ಇಳಿಸಲು ಹೇಳಬೇಡಿರಿ. ಧರ್ಮ ಮಾಡುವವರು ನಾವು, ಅದರ ವೆಚ್ಚ ನೇಕಾರರ ಮೇಲೆ ಬೀಳಬಾರದು. ಉಳಿದ ಹಣವನ್ನು ವಸ್ತು ಕೈಗೆ ಬಂದ ದಿನವೇ ಸಲ್ಲಿಸಿರಿ. ಅಂಗಡಿ ಇರುವ ಶ್ರಾವಕರು ನಿರ್ವಾಣದ ದಿನ ಹೊಸ ಖಾತೆಗೆ ಕುಂಕುಮ ಹಚ್ಚುವ ಮೊದಲು ಹಳೆಯ ಖಾತೆಯನ್ನು ತೆರೆದು, ದುಡಿದವರ ಬಾಕಿ ಉಳಿದಿದೆಯೇ ಎಂದು ನೋಡಲಿ. ಉಳಿದಿದ್ದರೆ ಪೂಜೆ ಒಂದು ತಾಸು ತಡವಾಗಲಿ.