ಪಾವತಿಗೆ ಬೆಲೆ ಕಟ್ಟುವ ಬಗೆ

2025ರ ಮಾರ್ಚ್ ತಿಂಗಳಿನಲ್ಲಿ, ಪಾವತಿ ಉದ್ಯಮದ ಪ್ರತಿನಿಧಿ ಸಂಸ್ಥೆಯಾದ ಪೇಮೆಂಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಪ್ರಧಾನಮಂತ್ರಿಗಳಿಗೆ ಪತ್ರವೊಂದನ್ನು ಬರೆದು, ದೊಡ್ಡ ವ್ಯಾಪಾರಿಗಳು ಯುಪಿಐ ಮುಖಾಂತರ ಸ್ವೀಕರಿಸುವ ಹಣದ ಮೇಲೆ ನೂರು ರೂಪಾಯಿಗೆ 30 ಪೈಸೆಯಷ್ಟು ಶುಲ್ಕವನ್ನು ಪಡೆಯಲು ಅವಕಾಶ ಮಾಡಿಕೊಡಬೇಕೆಂದು ವಿಜ್ಞಾಪಿಸಿಕೊಂಡಿತು. ಜೂನ್ ತಿಂಗಳಿನಲ್ಲಿ, ಅಂಥ ಶುಲ್ಕವೊಂದು ಸನ್ನಿಹಿತವಾಗಿದೆಯೆಂಬ ವಾರ್ತೆ ಹಬ್ಬಿದೊಡನೆ, ಅದು ಸುಳ್ಳು, ನಿರಾಧಾರ, ಜನರನ್ನು ದಾರಿ ತಪ್ಪಿಸತಕ್ಕದ್ದು ಎಂದು ಹಣಕಾಸು ಸಚಿವಾಲಯ ಸಾರಿತು. ಅದಾದ ಕೆಲವು ವಾರಗಳಲ್ಲಿಯೇ ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ ಅವರು, ಈ ವ್ಯವಸ್ಥೆಯ ವೆಚ್ಚವನ್ನು ಯಾರಾದರೊಬ್ಬರು ಭರಿಸಲೇಬೇಕಾಗುತ್ತದೆಂಬ ಮಾತನ್ನು ಬಹಿರಂಗವಾಗಿ ಆಡಿದರು. ಉದ್ಯಮ ಬೇಡಿತು, ಸರ್ಕಾರ ಒಲ್ಲೆನೆಂದಿತು, ನಿಯಂತ್ರಕರು ಎಚ್ಚರಿಸಿದರು. ಇಷ್ಟೆಲ್ಲ ನಡೆದರೂ, ವೆಚ್ಚದ ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟು, ಅವರ ಆಕ್ಷೇಪಣೆಗಳನ್ನು ಕೇಳಿ, ಕಾರಣಸಹಿತವಾಗಿ ತೀರ್ಮಾನಿಸುವ ಕ್ರಮವೊಂದು ಮಾತ್ರ ನಡೆಯಲಿಲ್ಲ.

ಈ ಶುಲ್ಕಕ್ಕೆ ಎಂಡಿಆರ್ ಎಂದು ಹೆಸರು. ಗಿರಾಕಿಯು ಕಾರ್ಡಿನಿಂದಲೋ ಮೊಬೈಲಿನಿಂದಲೋ ಹಣ ಕೊಟ್ಟಾಗ, ಅದನ್ನು ವ್ಯಾಪಾರಿಯ ಖಾತೆಗೆ ಮುಟ್ಟಿಸುವ ಬ್ಯಾಂಕು ಒಂದಂಶವನ್ನು ಮುರಿದುಕೊಂಡು, ಗಿರಾಕಿಯ ಬ್ಯಾಂಕಿಗೂ ನಡುವಣ ಸಂಸ್ಥೆಗಳಿಗೂ ಅದರಲ್ಲಿ ಪಾಲು ಕೊಡುವುದು ಪೂರ್ವದಿಂದ ಬಂದ ಪದ್ಧತಿ. ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ 2007ನೆಯ ಇಸವಿಯ ಅಧಿನಿಯಮಕ್ಕೆ 2019ರಲ್ಲಿ ಸೇರಿಸಲ್ಪಟ್ಟ 10ಎ ಪ್ರಕರಣದ ಬಲದಿಂದ, 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಈ ಶುಲ್ಕ ಸೊನ್ನೆಯಾಯಿತು. ಅದರ ಸತ್ಫಲವನ್ನು ಅಲ್ಲಗಳೆಯುವವನು ಕಣ್ಣಿದ್ದೂ ಕುರುಡನೇ ಸರಿ. ಸೊಪ್ಪು ಮಾರುವವರಿಂದ ಹಿಡಿದು ಆಭರಣದಂಗಡಿಯವರ ತನಕ ಎಲ್ಲರೂ ನಿಶ್ಚಿಂತೆಯಿಂದ ಕ್ಯೂಆರ್ ಕೋಡನ್ನು ಮುಂದಿಟ್ಟುಕೊಂಡರು. 2024-25ನೆಯ ಸಾಲಿನಲ್ಲಿ ಯುಪಿಐ ಮುಖಾಂತರ 18,500 ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದು, ಸುಮಾರು 260 ಲಕ್ಷ ಕೋಟಿ ರೂಪಾಯಿ ಕೈಯಿಂದ ಕೈಗೆ ಹೋಯಿತು.

ಶುಲ್ಕ ಸೊನ್ನೆಯಾದ ಮಾತ್ರಕ್ಕೆ ವೆಚ್ಚ ಸೊನ್ನೆಯಾಗಲಿಲ್ಲ. ಸರ್ವರುಗಳನ್ನು ಹಗಲಿರುಳು ನಡೆಸುವುದು, ವಂಚನೆಯನ್ನು ಪತ್ತೆಹಚ್ಚುವುದು, ದೂರುಗಳಿಗೆ ಉತ್ತರ ಕೊಡುವುದು ಇವೆಲ್ಲಕ್ಕೂ ಹಣ ಬೇಕು. ಆ ಕೊರತೆಯನ್ನು ತುಂಬಲೆಂದು ಕೇಂದ್ರ ಸರ್ಕಾರ ವರ್ಷಕ್ಕೊಮ್ಮೆ ಪ್ರೋತ್ಸಾಹಧನವನ್ನು ಮಂಜೂರು ಮಾಡುತ್ತ ಬಂದಿದೆ. ಆದರೆ ಆ ಮೊತ್ತಕ್ಕೆ ಸ್ಥಿರತೆಯೆಂಬುದಿಲ್ಲ: 2023-24ನೆಯ ಸಾಲಿಗೆ ಸಂದದ್ದು 3,600 ಕೋಟಿ ರೂಪಾಯಿಗೂ ಮಿಗಿಲು; 2024-25ನೆಯ ಸಾಲಿಗೆ ನಿಗದಿಯಾದದ್ದು 1,500 ಕೋಟಿ, ಅದೂ ಸಣ್ಣ ವ್ಯಾಪಾರಿಗಳು ಸ್ವೀಕರಿಸುವ 2,000 ರೂಪಾಯಿಯೊಳಗಿನ ಪಾವತಿಗಳಿಗೆ ಮಾತ್ರ, ಮತ್ತು ಆ ವರ್ಷ ಮುಗಿಯಲು ಕೆಲವೇ ದಿನಗಳಿರುವಾಗ. ವ್ಯವಸ್ಥೆಯನ್ನು ನಡೆಸಿ ಬೆಳೆಸಲು ವರ್ಷಕ್ಕೆ 10,000 ಕೋಟಿ ಬೇಕೆಂಬುದು ಉದ್ಯಮದ ವಾದ. ವಾದ ದಿಟವೋ ಉತ್ಪ್ರೇಕ್ಷೆಯೋ ತೀರ್ಮಾನಿಸಲು ಜನಸಾಮಾನ್ಯರಿಗೆ ಆಧಾರವಿಲ್ಲ. ನಿಸ್ಸಂದೇಹವಾಗಿ ಹೇಳಬಹುದಾದ ಮಾತೊಂದೇ: ತನ್ನ ಆದಾಯವು ಗಿರಾಕಿಯ ತೃಪ್ತಿಯನ್ನು ಅವಲಂಬಿಸದೆ ದೆಹಲಿಯ ಕಡತವೊಂದರ ಮೇಲೆ ಬೀಳುವ ರುಜುವನ್ನು ಅವಲಂಬಿಸಿರುವಾಗ, ಎಂಥ ಸಮರ್ಥ ಉದ್ಯಮವಾದರೂ ಕ್ರಮೇಣ ಯಾಚಕವೃತ್ತಿಯನ್ನು ಕಲಿಯುತ್ತದೆ, ಮತ್ತು ತನ್ನ ಬುದ್ಧಿವಂತರನ್ನು ಸೇವೆಯ ಸುಧಾರಣೆಗಿಂತ ಸಚಿವಾಲಯದ ಮೊಗಸಾಲೆಯಲ್ಲಿ ಹೆಚ್ಚಾಗಿ ದುಡಿಸುತ್ತದೆ.

ನಿಯಂತ್ರಕರ ಮಾತು ಸ್ಪಷ್ಟವಾಗಿದ್ದಲ್ಲಿ ಉದ್ಯಮದ ನಡವಳಿಕೆಯೂ ಬೇರೆಯಾಗಿರುತ್ತದೆಂಬುದಕ್ಕೆ ದೃಷ್ಟಾಂತವುಂಟು. ಭಾರತದ ಪಾವತಿಗಳಿಗೆ ಸಂಬಂಧಿಸಿದ ದತ್ತಾಂಶವೆಲ್ಲವೂ ಭಾರತದೊಳಗೇ ಇರತಕ್ಕದ್ದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಆಜ್ಞಾಪಿಸಿ, ಆರು ತಿಂಗಳ ಗಡುವನ್ನು ಕೊಟ್ಟಿತು. ವಿದೇಶಿ ಕಾರ್ಡ್ ಕಂಪನಿಗಳು ತಮ್ಮ ಅಸಮ್ಮತಿಯನ್ನು ತಿಳಿಸಿದುವು. ಅಮೆರಿಕದ ಇಬ್ಬರು ಸೆನೆಟರುಗಳು ಭಾರತದ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ನಿಯಮವನ್ನು ಸಡಿಲಿಸಬೇಕೆಂದು ಕೋರಿದರು. ಬ್ಯಾಂಕು ಜಗ್ಗಲಿಲ್ಲ. 2021ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಕ್ಲಬ್, ಮಾಸ್ಟರ್‌ಕಾರ್ಡ್ ಈ ಮೂರೂ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ಅದು ತಡೆದು, ಪಾಲನೆಯು ತೃಪ್ತಿಕರವೆನಿಸಿದ ಬಳಿಕವಷ್ಟೇ ಆ ತಡೆಯನ್ನು ಒಂದೊಂದಾಗಿ ತೆಗೆಯಿತು. ಆಜ್ಞೆಯ ಯುಕ್ತಾಯುಕ್ತತೆಯನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಅದರ ಅರ್ಥದ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಇದಕ್ಕೆ ವಿಪರೀತವಾದ ದೃಷ್ಟಾಂತವೂ ನಮ್ಮಲ್ಲಿಯೇ ಇದೆ. ಯುಪಿಐ ವ್ಯವಹಾರಗಳಲ್ಲಿ ಯಾವೊಂದು ಆ್ಯಪ್ ಕಂಪನಿಯೂ ಶೇಕಡಾ 30ಕ್ಕಿಂತ ಹೆಚ್ಚಿನ ಪಾಲನ್ನು ಹೊಂದಬಾರದೆಂದು, ಯುಪಿಐಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆ 2020ರ ನವೆಂಬರಿನಲ್ಲಿ ವಿಧಿಸಿತು. ಆಗಲೇ ಮಿತಿ ಮೀರಿದ್ದವರಿಗೆ 2022ರ ಅಂತ್ಯದವರೆಗೆ ಅವಕಾಶ ದೊರೆಯಿತು. ಅದು 2024ರ ಅಂತ್ಯಕ್ಕೂ, ಪುನಃ 2026ರ ಡಿಸೆಂಬರ್ 31ಕ್ಕೂ ಮುಂದೆ ಹೋಯಿತು. ಅಷ್ಟರಲ್ಲಿ ಫೋನ್‌ಪೇಯೂ ಗೂಗಲ್ ಪೇಯೂ ಸೇರಿ ಶೇಕಡಾ 80ಕ್ಕೂ ಹೆಚ್ಚಿನ ಪಾಲನ್ನು ಆವರಿಸಿಕೊಂಡುವು. ಕೋಟ್ಯಂತರ ಬಳಕೆದಾರರನ್ನು ಬಲವಂತದಿಂದ ಹೊರಗಟ್ಟುವುದು ಸಾಧ್ಯವಿಲ್ಲವೆಂಬ ದೊಡ್ಡ ಕಂಪನಿಗಳ ಮಾತಿನಲ್ಲಿ ಹುರುಳಿದೆ; ನಿಯಮವನ್ನು ನಂಬಿ ಬಂಡವಾಳ ಹೂಡಿದ ಸಣ್ಣ ಕಂಪನಿಗಳ ಅಳಲಿನಲ್ಲಿಯೂ ನ್ಯಾಯವಿದೆ. ನಡೆಸಲಾಗದ ನಿಯಮವನ್ನು ರದ್ದುಗೊಳಿಸದೆ, ನಡೆಸಬಹುದಾದುದನ್ನು ಜಾರಿಗೊಳಿಸದೆ, ಗಡುವನ್ನು ಮಾತ್ರ ಮುಂದೂಡುತ್ತಿರುವುದು ಎರಡು ಪಕ್ಷಕ್ಕೂ ಮಾಡುವ ಅನ್ಯಾಯ.

ಇಂಥ ಸಂವಾದಗಳಲ್ಲಿ ಎಂದೂ ಆಸನ ದೊರೆಯದ ಮೂರನೆಯ ಪಕ್ಷವೊಂದುಂಟು, ಅದು ಅಂಗಡಿಯವನದು. 2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು, ನಾಲ್ಕು ವರ್ಷಗಳ ಯುಪಿಐ ಜಮೆಯ ಮೊತ್ತವನ್ನು ಆಧಾರವಾಗಿಟ್ಟುಕೊಂಡು, ಜಿಎಸ್‌ಟಿ ನೋಂದಣಿಯಿಲ್ಲದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಸಲ್ಲಿಸುವವರಿಗೆ 20 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟು ಮೀರಿದರೆ ನೋಂದಣಿ ಕಡ್ಡಾಯವೆಂಬ ಕಾನೂನು ಹೊಸದಲ್ಲ, ಮತ್ತು ಅದು ನಗದಿಗೂ ಮೊಬೈಲಿಗೂ ಸಮಾನವಾಗಿ ಅನ್ವಯಿಸತಕ್ಕದ್ದು ಎಂಬ ಇಲಾಖೆಯ ಸಮಜಾಯಿಷಿಯನ್ನು ತಪ್ಪೆನ್ನಲಾಗದು. ಆದರೆ ಬೇಕರಿಯವರೂ ಕಾಂಡಿಮೆಂಟ್ಸ್ ಅಂಗಡಿಯವರೂ, ತೆರಿಗೆಯೇ ಇಲ್ಲದ ಹಾಲು ತರಕಾರಿಗಳನ್ನು ಮಾರುವವರೂ ಏಕಕಾಲದಲ್ಲಿ ಗಾಬರಿಗೊಂಡು, ಬೆಂಗಳೂರಿನ ಬೀದಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಫಲಕಗಳು ತೂಗಾಡಿದುವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವುದಾದರೆ ಹಳೆಯ ಬಾಕಿಯನ್ನು ವಸೂಲು ಮಾಡಲಾಗದೆಂದು ಅಭಯವಿತ್ತರು. ಶುಲ್ಕವಿಲ್ಲವೆಂಬ ನೀತಿ ರೂಪುಗೊಂಡಾಗ ಅಂಗಡಿಯವನನ್ನು ಯಾರೂ ಕೇಳಿರಲಿಲ್ಲ. ಆ ನೀತಿಯ ಪರಿಣಾಮವು ಅಂಚೆಯಲ್ಲಿ ಮನೆಗೆ ಬಂದಾಗಲೂ ಅವನಿಗೆ ಮುನ್ಸೂಚನೆಯಿರಲಿಲ್ಲ. ದೊಡ್ಡ ಕಂಪನಿಗೆ ಪತ್ರ ಬರೆಯಲು ಸಂಘವಿದೆ. ಅವನಿಗಾದರೋ ಬೀದಿಗಿಳಿಯುವುದೊಂದೇ ಮಾರ್ಗವಾಯಿತು.

ಹಾಗಾದರೆ ಮಾಡತಕ್ಕದ್ದೇನು? ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ಬೆಸ್ಕಾಂ, ಹೆಸ್ಕಾಂ ಮೊದಲಾದ ಕಂಪನಿಗಳು ವಿದ್ಯುತ್ತಿನ ದರವನ್ನು ಏರಿಸಬೇಕಾದರೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಿ, ಆದಾಯವೆಚ್ಚಗಳ ವಿವರವನ್ನು ಪ್ರಕಟಿಸಿ, ಬಹಿರಂಗ ವಿಚಾರಣೆಗೆ ತಲೆಬಾಗಬೇಕು. ಅಲ್ಲಿ ರೈತ ಸಂಘದವರೂ ಸಣ್ಣ ಕೈಗಾರಿಕೆಯವರೂ ಎದ್ದು ನಿಂತು ಆಕ್ಷೇಪಿಸಬಹುದು. ಆಯೋಗವು ಕಾರಣಗಳನ್ನು ಬರೆದು ಆದೇಶ ಕೊಡಬೇಕು. ಅದಕ್ಕೂ ಮುಖ್ಯವಾದ ಸಂಗತಿ ಮತ್ತೊಂದುಂಟು: ಸರ್ಕಾರವು ಯಾವುದಾದರೊಂದು ವರ್ಗಕ್ಕೆ ರಿಯಾಯಿತಿ ಕೊಡಲಿಚ್ಛಿಸಿದಲ್ಲಿ, ಅದರ ಹಣವನ್ನು ಮುಂಗಡವಾಗಿ ತಾನೇ ತುಂಬಿಕೊಡತಕ್ಕದ್ದೆಂದು 2003ರ ವಿದ್ಯುಚ್ಛಕ್ತಿ ಅಧಿನಿಯಮ ವಿಧಿಸುತ್ತದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ವಿದ್ಯುತ್ತು ಉಚಿತ. ಆದರೆ ಆ ಔದಾರ್ಯದ ಬೆಲೆ ಎಷ್ಟೆಂಬುದು ದರದ ಆದೇಶದಲ್ಲಿಯೇ ಲಿಖಿತವಾಗಿರುತ್ತದೆ.

ಪಾವತಿಯ ವಿಷಯದಲ್ಲಿ ಅಂಥ ಕ್ರಮದ ಹೊಸ್ತಿಲಿಗೆ ನಾವು ಒಮ್ಮೆ ಬಂದಿದ್ದೆವು. 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಶುಲ್ಕಗಳನ್ನು ಕುರಿತು ಚರ್ಚಾಪತ್ರವೊಂದನ್ನು ಪ್ರಕಟಿಸಿ, 800 ರೂಪಾಯಿಯ ಪಾವತಿಯೊಂದಕ್ಕೆ ಎಲ್ಲ ಸಂಸ್ಥೆಗಳಿಗೂ ಸೇರಿ 2 ರೂಪಾಯಿ ವೆಚ್ಚವಾಗಬಹುದೆಂದು ಅಂದಾಜು ಕೊಟ್ಟು, ಅಕ್ಟೋಬರ್ 3ರೊಳಗೆ ಅಭಿಪ್ರಾಯ ತಿಳಿಸುವಂತೆ ಸಾರ್ವಜನಿಕರನ್ನು ಆಹ್ವಾನಿಸಿತ್ತು. ಅಭಿಪ್ರಾಯಗಳು ಬಂದು ಸೇರುವ ಮುನ್ನವೇ, ಯುಪಿಐಗೆ ಶುಲ್ಕ ವಿಧಿಸುವ ಆಲೋಚನೆಯಿಲ್ಲವೆಂದು ಹಣಕಾಸು ಸಚಿವಾಲಯ ಪ್ರಕಟಿಸಿಬಿಟ್ಟಿತು. ತೀರ್ಪು ಮೊದಲಾಯಿತು, ವಿಚಾರಣೆ ಹಿಂದುಳಿಯಿತು. ಈಗ, 2025ರ ಮೇ ತಿಂಗಳಿನಿಂದ, ಗವರ್ನರರ ಅಧ್ಯಕ್ಷತೆಯಲ್ಲಿ ಆರು ಸದಸ್ಯರ ಪಾವತಿ ನಿಯಂತ್ರಣ ಮಂಡಳಿಯೊಂದಕ್ಕೆ ಅಸ್ತಿಭಾರ ಬಿದ್ದಿದೆ. ಅದರಲ್ಲಿ ಮೂವರು ಕೇಂದ್ರ ಸರ್ಕಾರದ ನಾಮನಿರ್ದೇಶಿತರು. ವ್ಯಾಪಾರಿಗಾಗಲಿ ಬಳಕೆದಾರನಿಗಾಗಲಿ ಅಲ್ಲಿ ಮೀಸಲಾದ ಸ್ಥಾನವಿಲ್ಲ. ಸ್ಥಾನವಿಲ್ಲದಿದ್ದರೂ ಚಿಂತೆಯಿಲ್ಲ, ಅವರ ಮಾತು ಕೇಳಿಬರುವ ವಿಚಾರಣೆಯೊಂದನ್ನು ಆ ಮಂಡಳಿ ನಡೆಸಲಿ.

ವಿಚಾರಣೆಯಿಂದ ಕಾಲವಿಳಂಬವಾಗುತ್ತದೆಂದು ಕೆಲವರು ಹೇಳಿಯಾರು. ಐದು ವರ್ಷಗಳ ಅನಿಶ್ಚಯಕ್ಕಿಂತ ಆರು ತಿಂಗಳ ವಿಚಾರಣೆ ಹ್ರಸ್ವವಾದುದೇ. ಲೆಕ್ಕ ಬಯಲಾದರೆ ವ್ಯಾಪಾರದ ಗುಟ್ಟು ರಟ್ಟಾಗುತ್ತದೆಂದು ಕಂಪನಿಗಳು ಹೇಳಿಯಾವು. ಕಂಪನಿಯ ಗುಟ್ಟನ್ನು ಮರೆಮಾಡಿ ಒಟ್ಟು ವೆಚ್ಚವನ್ನು ತೋರಿಸುವ ಮಾರ್ಗ ಲೆಕ್ಕಪರಿಶೋಧಕರಿಗೆ ತಿಳಿಯದ ವಿದ್ಯೆಯಲ್ಲ. ಸಾಲ, ವಿಮೆ, ಜಾಹೀರಾತುಗಳಿಂದ ಆ್ಯಪ್ ಕಂಪನಿಗಳಿಗೆ ಬರುವ ಲಾಭವನ್ನೂ ಆ ಲೆಕ್ಕದಲ್ಲಿ ಸೇರಿಸಬೇಕೆಂದು ಬಳಕೆದಾರರು ಕೇಳಿದರೆ, ಅದಕ್ಕೆ ಉತ್ತರ ಕೊಡುವ ಹೊಣೆಯೂ ಉದ್ಯಮದ್ದೇ. ಕಡೆಗೆ ದೊಡ್ಡ ಅಂಗಡಿಯವರು 30 ಪೈಸೆ ಕೊಡಬೇಕೆಂದು ತೀರ್ಮಾನವಾಗಲಿ, ಐದು ಪೈಸೆ ಸಾಕೆಂದಾಗಲಿ, ಸೊನ್ನೆಯೇ ಇರಲಿ, ಖಜಾನೆಯೇ ಭರಿಸಲೆಂದಾಗಲಿ. ಸೊನ್ನೆಯಾದ ಪಕ್ಷದಲ್ಲಿ ಅದರ ಮೊತ್ತ ವರ್ಷದ ಆದಿಯಲ್ಲಿಯೇ ಬಜೆಟ್ಟಿನಲ್ಲಿ ಕಾಣಿಸತಕ್ಕದ್ದು. ಪಾವತಿ ಉದ್ಯಮಕ್ಕೆ ತನ್ನ ವಾದದ ಸತ್ಯದಲ್ಲಿ ನಂಬಿಕೆಯಿದ್ದರೆ, ಪ್ರಧಾನಮಂತ್ರಿಗಳಿಗೆ ಮುಂದೆ ಬರೆಯುವ ಪತ್ರದಲ್ಲಿ ಅದು ಕೇಳಬೇಕಾದುದು ಶುಲ್ಕವನ್ನಲ್ಲ, ಬಹಿರಂಗ ವಿಚಾರಣೆಯನ್ನು.