ತಾಳೆಯಾಗದ ಲೆಕ್ಕ

ಮೂವತ್ತು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು ನಾನು. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ನನ್ನ ಸಿಟ್ಟಿಗೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ.

ಅಂಥ ಲೆಕ್ಕಕ್ಕೂ ಒಂದು ದಾರಿಯಿದೆ. ಯಹೂದಿ ಚಿಂತಕ ಮೆನಾಹೆಮ್ ಮೆಂಡೆಲ್ ಲೆಫಿನ್ 1808ರಲ್ಲಿ ಪ್ರಕಟಿಸಿದ ಹೀಬ್ರೂ ಪುಸ್ತಕದ ಹೆಸರೇ ‘ಹೆಷ್ಬೋನ್ ಹನೆಫೆಷ್’, ಅಂದರೆ ಆತ್ಮದ ಲೆಕ್ಕ. ಅದರಲ್ಲಿ ತಾಳ್ಮೆ, ವಿನಯ, ಮೌನದಂಥ 13 ಗುಣಗಳು. ವಾರಕ್ಕೊಂದು ಗುಣದ ಅಭ್ಯಾಸ, ವರ್ಷಕ್ಕೆ ನಾಲ್ಕು ಸುತ್ತು. ಎಡವಿದಾಗೆಲ್ಲ ಪಟ್ಟಿಯಲ್ಲಿ ಗುರುತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನಿಂದ ಪಡೆದ ಈ ಕ್ರಮವನ್ನು ಮುಂದೆ ಲಿಥುವೇನಿಯಾದ ರಬ್ಬಿ ಇಸ್ರೇಲ್ ಸಲಾಂಟರ್ ಅವರ ಮುಸಾರ್ ಎಂಬ ನೈತಿಕ ಶಿಸ್ತಿನ ಚಳವಳಿ ತನ್ನದಾಗಿಸಿಕೊಂಡಿತು.

ನಾನೂ ಹಳೆ ಡೈರಿಯಲ್ಲಿ ‘ತಾಳ್ಮೆ’ ಎಂದು ಬರೆದು ಗೆರೆ ಎಳೆದೆ. ಮೊದಲ ವಾರ ಹನ್ನೊಂದು ಚುಕ್ಕೆ; ಅದರಲ್ಲಿ ಏಳು ಹೆಂಡತಿಯ ಮೇಲೆ ರೇಗಿದ್ದಕ್ಕೆ. ಪಾಪವೆಂದು ಕೊರಗುವುದಕ್ಕಿಂತ ಎಣಿಸಿ ನೋಡುವುದೇ ಲೇಸು. ನೀವೂ ಒಂದು ವಾರ ಎಣಿಸಿ ನೋಡಿ.