ಪಾಠದ ಪಕ್ಕದಲ್ಲಿ ಕುಳಿತಿದ್ದ ಹೆತ್ತವರು

2020ರ ಜೂನ್ 1ರಂದು ಕೇರಳದ ಶಾಲೆಗಳಲ್ಲಿ ಗಂಟೆ ಬಾರಿಸಲಿಲ್ಲ. ಕೊರೊನಾದಿಂದಾಗಿ ಮಾರ್ಚ್‌ನಲ್ಲೇ ಬಾಗಿಲು ಹಾಕಿದ್ದ ಶಾಲೆಗಳ ಬದಲಿಗೆ ಕೈಟ್ ವಿಕ್ಟರ್ಸ್ ಚಾನೆಲ್‌ನಲ್ಲಿ ‘ಫಸ್ಟ್ ಬೆಲ್’ ಪಾಠ ಆರಂಭವಾಯಿತು. ಟಿವಿಯ ಪಾಠ ಮಲಯಾಳದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಪಾಠಗಳು ಹೆಚ್ಚಾಗಿ ಬಂದದ್ದು ಯೂಟ್ಯೂಬ್‌ನಲ್ಲಿ. ಅಂದರೆ ನಮ್ಮ ಮಕ್ಕಳಿಗೆ ಟಿವಿ ಇದ್ದರೆ ಸಾಲದು, ಮೊಬೈಲೂ ಬೇಕು, ನೆಟ್ಟೂ ಬೇಕು.

ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಮೊಬೈಲು ಬೆಳಿಗ್ಗೆ ಅಪ್ಪನ ಕಿಸೆಯಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಸಂಜೆ ಅವರು ಬಂದ ಮೇಲೆಯೇ ಕ್ಲಾಸು, ಅದೂ ಅಣ್ಣ ತಂಗಿಯರಿಗೆ ಸರದಿ ಪ್ರಕಾರ. ಹೊರಗೆ ಆಟಿಯ ಮಳೆ. ಕರೆಂಟು ಹೋದರೆ ಮುಗಿಯಿತು. ಮಗುವಿಗೆ ಕೊಡೆ ಹಿಡಿದು ಗುಡ್ಡೆಯಲ್ಲಿ ರೇಂಜ್ ಹುಡುಕಿದ ಹೆತ್ತವರನ್ನು ನಮ್ಮ ಊರುಗಳಲ್ಲಿ ಕಾಣದವರು ಕಡಿಮೆ.

ಆ ಕಷ್ಟದ ನಡುವೆಯೂ ಒಂದು ಒಳ್ಳೆಯದಾಯಿತು. ಮಡಿಲಲ್ಲಿ ಬೀಡಿಯ ತಡ್ಪೆ ಇಟ್ಟುಕೊಂಡೇ ತಾಯಂದಿರು ಮಕ್ಕಳ ಪಕ್ಕ ಕುಳಿತರು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. “ಅಮ್ಮಾ, ಇದೆಂತ?” ಎಂದು ಮಗು ಕೇಳಿದರೆ ಕೈ ನಿಲ್ಲಿಸಿ ಅಕ್ಷರ ಓದಿ ಹೇಳಿದರು. ತಿಳಿಯದಿದ್ದರೆ, “ನಂಗೆ ಗೊತ್ತಿಲ್ಲ ಮಗಾ, ಟೀಚರಿಗೆ ಫೋನ್ ಮಾಡಿ ಕೇಳುವ” ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರೂ ಹೀಗೆ ಪಾಠ ನೋಡಿಕೊಂಡರು. ಗೊತ್ತಿಲ್ಲ ಎಂದು ಹೇಳಿಯೂ ಪಕ್ಕದಿಂದ ಏಳದೆ ಕುಳಿತದ್ದು ಸಣ್ಣ ಮಾತಲ್ಲ.

2021ರ ನವೆಂಬರ್ 1ರಂದು ಶಾಲೆ ತೆರೆಯಿತು. ಮಕ್ಕಳ ಕೈಗೆ ಬಂದ ಮೊಬೈಲು ಅಲ್ಲೇ ಉಳಿಯಿತು. ಪಕ್ಕದಲ್ಲಿ ಕುಳಿತಿದ್ದ ಹೆತ್ತವರು ಎದ್ದು ಹೋದರು! ಆ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದವರು ಕೈ ಹಿಡಿದು ಅಕ್ಷರ ತಿದ್ದಿಸುವ ಟೀಚರನ್ನು ಒಂದೂವರೆ ವರ್ಷ ಎದುರಿಗೆ ಕಂಡಿಲ್ಲ. ಅಂಥವರಲ್ಲಿ ಒತ್ತಕ್ಷರ ಬಂದಾಗ ಇಂದಿಗೂ ತಡವರಿಸುವವರಿದ್ದಾರೆ. ರಾತ್ರಿ ಊಟಕ್ಕೆ ಮೊದಲು ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳುವುದಕ್ಕೆ ನೆಟ್ಟೂ ಬೇಡ, ಟ್ಯೂಷನ್ ಫೀಸೂ ಬೇಡ.

ಶಾಲೆಗಳಿಗೂ ಒಂದು ಮಾತು. ಹೆತ್ತವರ ವಾಟ್ಸ್‌ಆಪ್ ಗ್ರೂಪುಗಳು ಹುಟ್ಟಿದ್ದೇ ಹೆಚ್ಚಾಗಿ ಆ ದಿನಗಳಲ್ಲಿ. ಈಗ ಅದರಲ್ಲಿ ಸೂಚನೆ ಮಲಯಾಳದಲ್ಲಿ ಬಂದರೆ ಕನ್ನಡ ಮಾತ್ರ ಓದಬಲ್ಲ ತಾಯಿ ಎಂತ ಮಾಡಬೇಕು? ಮಗುವಿನ ಹತ್ತಿರವೇ ಓದಿಸಬೇಕು. ಅದು ಹೇಳಿದ್ದೇ ಸತ್ಯ! ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಹಾಗಿರುವಾಗ ಕನ್ನಡ ಮಾಧ್ಯಮದ ತರಗತಿಯ ನಾಲ್ಕು ಸಾಲಿನ ಸೂಚನೆಯನ್ನು ಕನ್ನಡದಲ್ಲಿ ಕೇಳುವುದಕ್ಕೆ ಹೆತ್ತವರು ಸಂಕೋಚಪಡಬೇಕಾಗಿಲ್ಲ. ಮುಂದಿನ ಪಿ.ಟಿ.ಎ. ಸಭೆಗೆ ಹೋಗಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರುವ ಮೊದಲು ಇದನ್ನೊಂದು ಕೇಳಿ.